ನಮ್ಮ ಪಹಣಿಯ ಫೋಟೊ ಈಗ ಯಾರ ಹತ್ತಿರ ಇದೆ?

ಕೊಡಗಿನ ತೋಟಗಳಿಗೆ ಬಂದು ಬೆಳೆಗಾರರ ಕಾಗದಪತ್ರ ಸ್ಕ್ಯಾನ್ ಮಾಡಿಕೊಂಡು ಹೋಗುವ ಸ್ಟಾರ್ಟಪ್‌ನವರಿಗೆ, ಅವರನ್ನು ಊರಿಗೆ ಕರೆಸುವ ಬೆಳೆಗಾರರ ಸಂಘ, ಸೊಸೈಟಿಗಳವರಿಗೆ,

ನಮಸ್ಕಾರ.

ಕಳೆದ ರೋಬಸ್ಟಾ ಕೊಯ್ಲು ಮುಗಿಯುವ ಹೊತ್ತು. ಕಣದ ತುಂಬ ಹಣ್ಣು ಹರಡಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಇಬ್ಬರು ಹುಡುಗರು ಬೈಕಿನಲ್ಲಿ ಬಂದರು. ಕೈಯಲ್ಲಿ ಟ್ಯಾಬ್, ಕೊರಳಲ್ಲಿ ಐಡಿ ಕಾರ್ಡ್. ಯುರೋಪಿಗೆ ಕಾಫಿ ಹೋಗಬೇಕಾದರೆ ಇನ್ನು ಮುಂದೆ ತೋಟದ ದಾಖಲೆ ಬೇಕಂತೆ, ನಾವು ಎಲ್ಲಾ ಉಚಿತವಾಗಿ ಮಾಡಿಕೊಡುತ್ತೇವೆ ಅಂದರು. ಪಕ್ಕದ ತೋಟದ ಮಾವ ಆಗ ನಮ್ಮ ಮನೆಯಲ್ಲೇ ಇದ್ದರು. ವಯಸ್ಸು 74. ಮಕ್ಕಳು ಇಬ್ಬರೂ ಬೆಂಗಳೂರಿನಲ್ಲಿ. ಹುಡುಗರು ವಿನಯವಾಗಿ ಮಾತಾಡಿದ್ದಕ್ಕೇ ಮಾವನಿಗೆ ಖುಷಿ. ಮನೆಗೆ ಹೋಗಿ ಫೈಲ್ ತಂದೇಬಿಟ್ಟರು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಒಂದು ಬಿಳಿ ಹಾಳೆಯ ಮೇಲೆ ಸಹಿ. ಹತ್ತು ನಿಮಿಷದಲ್ಲಿ ಎಲ್ಲದರ ಫೋಟೊ ಮುಗಿಯಿತು.

ನಾನು ಕೇಳಿದೆ, "ಈ ಫೋಟೊ ಎಲ್ಲಿಗೆ ಹೋಗುತ್ತೆ?"

"ನಮ್ಮ ಸರ್ವರ್‌ಗೆ, ಮೇಡಂ."

"ಪಹಣಿಯಲ್ಲಿರೋ ಸರ್ವೆ ನಂಬರ್ ಎಲ್ಲಾ ಕೂತು ಟೈಪ್ ಮಾಡೋದು ಯಾರು? ನೀವಾ?"

"ಇಲ್ಲ ಮೇಡಂ, ಅದಕ್ಕೆ ಬೇರೆ ಸರ್ವೀಸ್ ಇದೆ. ಆಟೊಮ್ಯಾಟಿಕ್."

"ಯಾವುದು ಆ ಸರ್ವೀಸ್? ಯಾರದ್ದು?"

ಅವನು ಜೊತೆಯವನ ಮುಖ ನೋಡಿದ. ಜೊತೆಯವನು ಲೋಟದಲ್ಲಿದ್ದ ಕಾಫಿ ನೋಡಿದ. "ಗೊತ್ತಿಲ್ಲ ಮೇಡಂ. ಆದ್ರೆ ಸೇಫ್ ಇದೆ."

ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ. ಹೇಳಿಕೊಡಬೇಕಾದವರು ನೀವು. ಅದಕ್ಕೇ ಈ ಪತ್ರ ನಿಮಗೆ.

ನನಗೇನು ಗೊತ್ತು ಅಂತ ನೀವು ಕೇಳಬಹುದು. ತೋಟಕ್ಕೆ ವಾಪಸ್ ಬರುವ ಮೊದಲು ಏಳು ವರ್ಷ ನಾನೂ ಬೆಂಗಳೂರಿನಲ್ಲಿ ನಿಮ್ಮಂಥದ್ದೇ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡಿದವಳು. ಸಾಲದ ಅರ್ಜಿಗಳನ್ನು ಬೇಗ ಪರಿಶೀಲಿಸಿ ಕೊಡುವುದು ನಮ್ಮ ಕೆಲಸ. ಒಂದು ಸಂಜೆ, ಮರುದಿನ ಡೆಮೊ ಇತ್ತು. ಸುಮಾರು 300 ಜನರ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ಪಿಡಿಎಫ್‌ನಿಂದ ಎಕ್ಸೆಲ್‌ಗೆ ತರಬೇಕಿತ್ತು. ನಮ್ಮ ಸಾಫ್ಟ್‌ವೇರ್ ಕೈಕೊಟ್ಟಿತು. ನಾನು ನೆಟ್‌ನಲ್ಲಿ ಹುಡುಕಿ, ಮೊದಲು ಸಿಕ್ಕಿದ ಒಂದು ಉಚಿತ ಕನ್ವರ್ಟರ್‌ಗೆ ಎಲ್ಲವನ್ನೂ ಹಾಕಿದೆ. ಇಪ್ಪತ್ತು ನಿಮಿಷದ ಕೆಲಸ. ಮರುದಿನ ಎಲ್ಲರೂ ಭೇಷ್ ಅಂದರು. ರಾತ್ರಿ ಮಲಗಿದಾಗ ಮಾತ್ರ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು. ಎದ್ದು ಆ ಸೈಟ್ ಮತ್ತೆ ತೆರೆದು ನೋಡಿದೆ. ವಿಳಾಸ ಇಲ್ಲ, ಕಂಪನಿಯ ಹೆಸರಿಲ್ಲ, ಯಾವ ದೇಶ ಅಂತಲೂ ಇಲ್ಲ. ಫೈಲ್‌ಗಳನ್ನು ಸ್ವಲ್ಪ ಸಮಯದ ನಂತರ ಅಳಿಸುತ್ತೇವೆ ಅಂತ ಒಂದೇ ಒಂದು ಸಾಲು. ಯಾರಿಗೂ ಹೇಳಲಿಲ್ಲ. ಇವತ್ತು ಮೊದಲ ಸಲ ಹೇಳುತ್ತಿದ್ದೇನೆ. ಅದರಿಂದ ಏನೂ ಕೆಟ್ಟದ್ದಾಗಲಿಲ್ಲ ಅಂತ ಹೇಳಿಕೊಳ್ಳುವ ಹಾಗೂ ಇಲ್ಲ. ಯಾಕೆಂದರೆ ಆಗಿದೆಯೋ ಇಲ್ಲವೋ ಅಂತ ತಿಳಿಯುವ ದಾರಿಯೇ ನನಗಿಲ್ಲ.

ಹಾಗಾಗಿ ಒಳಗಿನ ಕಥೆ ನನಗೆ ಗೊತ್ತು. ನಮ್ಮ ಊರಿನವರಿಗೂ ಗೊತ್ತಾಗಲಿ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಹುಡುಗ ತೆಗೆದ ಫೋಟೊ ಮೊದಲು ಅವನ ಟ್ಯಾಬ್‌ನಲ್ಲೇ ಕೂತಿರುತ್ತದೆ. ನಮ್ಮ ಕಡೆ ನೆಟ್‌ವರ್ಕ್ ಇಲ್ಲವಲ್ಲ. ಸಂಜೆ ಸುಂಟಿಕೊಪ್ಪ ಪೇಟೆ ಮುಟ್ಟಿದ ಮೇಲೆ ಅಪ್‌ಲೋಡ್. ದಾರಿಯಲ್ಲಿ ಟ್ಯಾಬ್ ಬಿದ್ದುಹೋದರೆ ಏನು ಅನ್ನುವುದು ಬೇರೆ ಪ್ರಶ್ನೆ, ಇರಲಿ. ಪೇಟೆಯಿಂದ ಅದು ನಿಮ್ಮ ಬಾಡಿಗೆ ಸರ್ವರ್‌ಗೆ ಹೋಗುತ್ತದೆ. ಅಲ್ಲಿಂದ ಓಸಿಆರ್ ಕಂಪನಿಗೆ. ಓಸಿಆರ್ ಅಂದರೆ ಚಿತ್ರದಲ್ಲಿರುವ ಅಕ್ಷರ ಓದಿ, ಟೈಪ್ ಮಾಡಿದ ಹಾಗೆ ಕೊಡುವ ತಂತ್ರಾಂಶ. ಪುಟಕ್ಕೆ ಇಷ್ಟು ಅಂತ ದುಡ್ಡು. ಸ್ವಂತವಾಗಿ ಕಟ್ಟುವುದಕ್ಕಿಂತ ಅಗ್ಗ, ಬೇಗ. ನಾಲ್ಕು ಜನರ ಕಂಪನಿ ಬೇರೆಯವರ ಸೇವೆ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ನಾವೂ ಕಾಫಿ ಹಣ್ಣಿನ ಸಿಪ್ಪೆ ತೆಗೆಸಲು ಬೇರೆಯವರ ಯಂತ್ರಕ್ಕೆ ಕೊಡುತ್ತೇವೆ. ಆದರೆ ಕೊಡುವಾಗ ಚೀಲ ಎಣಿಸುತ್ತೇವೆ, ವಾಪಸ್ ಬಂದಾಗ ತೂಕ ನೋಡುತ್ತೇವೆ. ಕಾಗದದ ವಿಷಯದಲ್ಲಿ ಆ ಲೆಕ್ಕ ಯಾರೂ ಇಡುತ್ತಿಲ್ಲ. ಓದಿದ ಉತ್ತರ ನಿಮಗೆ ಬಂತು ಅಂದರೆ ನಿಮ್ಮ ಪಾಲಿಗೆ ಕೆಲಸ ಮುಗಿಯಿತು. ಫೋಟೊ ಮಾತ್ರ ಅಲ್ಲೇ ಉಳಿಯಿತಲ್ಲ? ಕೆಲವು ಕಂಪನಿಗಳು ತಕ್ಷಣ ಅಳಿಸುತ್ತವೆ. ಕೆಲವು ಇಟ್ಟುಕೊಳ್ಳುತ್ತವೆ. ಕೆಲವರ ಉಚಿತ ಪ್ಲಾನ್‌ನಲ್ಲಿ, ನಿಮ್ಮ ಫೈಲ್‌ಗಳನ್ನು ನಮ್ಮ ಯಂತ್ರವನ್ನು ಸುಧಾರಿಸಲು ಬಳಸಬಹುದು ಅನ್ನುವ ಷರತ್ತು ಇರುತ್ತದೆ. ದುಡ್ಡು ಕೊಡುವ ಪ್ಲಾನ್‌ನಲ್ಲಿ ಆ ಷರತ್ತು ಇಲ್ಲದಿರಬಹುದು. ಸ್ಟಾರ್ಟಪ್‌ಗಳು ಪ್ರಯೋಗ ಶುರು ಮಾಡುವುದು ಯಾವ ಪ್ಲಾನ್‌ನಲ್ಲಿ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆ ಪ್ರಯೋಗಕ್ಕೆ ಹಾಕುವುದು ಸುಳ್ಳು ಕಾಗದವನ್ನಲ್ಲ, ಮಾವನಂಥವರ ನಿಜ ಕಾಗದವನ್ನೇ.

ನೀವು ಹೇಳುವ ಇನ್ನೊಂದು ಮಾತು, "ಎಲ್ಲಾ ಎನ್‌ಕ್ರಿಪ್ಟ್ ಆಗಿದೆ." ಆಗಿರಬಹುದು. ಬೀಗದ ಕೈ ಇಲ್ಲದವರು ಓದಲಾಗದ ಹಾಗೆ ಅಕ್ಷರ ಕಲಸಿಡುವುದು ಅದು, ದಾರಿಯಲ್ಲಿ ಕದಿಯುವವನಿಗೆ ಅಡ್ಡ ಬರುತ್ತದೆ. ಆದರೆ ಕಾಗದ ಓದಬೇಕಾದರೆ ಅದನ್ನು ಬಿಚ್ಚಲೇಬೇಕು. ಓದುವ ಕಂಪನಿಯ ಒಳಗೆ ಅದು ಬಿಚ್ಚಿಯೇ ಇರುತ್ತದೆ. ಬೀಗ ಹಾಕಿದ ಪೆಟ್ಟಿಗೆಯ ಜೊತೆಗೆ ಬೀಗದ ಕೈಯನ್ನೂ ಕೊಟ್ಟು, ಪೆಟ್ಟಿಗೆ ಭದ್ರ ಅಂದ ಹಾಗೆ ಇದು.

ಕನ್ನಡದ್ದು ಇನ್ನೂ ಒಂದು ತೊಡಕು. ಇಂಗ್ಲಿಷ್ ಕಾಗದ ಓದಿದಷ್ಟು ಸಲೀಸಾಗಿ ಈ ಯಂತ್ರಗಳು ಕನ್ನಡ ಓದುವುದಿಲ್ಲ. ಒತ್ತಕ್ಷರ ಬಂದರೆ ತಡವರಿಸುತ್ತವೆ. ಕೈಬರಹದ ಹಳೆಯ ಪತ್ರ, ಮಡಿಕೆ ಬಿದ್ದ ಕಡೆ ಶಾಯಿ ಹರಡಿದ ನಕಲು, ಇವು ಬಂದರೆ ಕೈಚೆಲ್ಲುತ್ತವೆ. ಆಗ ಏನಾಗುತ್ತದೆ? ಆ ಪುಟವನ್ನು ಮನುಷ್ಯರು ಓದಿ ಸರಿಮಾಡುವ ಸಾಲಿಗೆ ತಳ್ಳುವ ಏರ್ಪಾಡು ಹಲವು ಸೇವೆಗಳಲ್ಲಿ ಇದೆ. ಎಲ್ಲೋ ಒಂದು ಕೋಣೆಯಲ್ಲಿ, ಪುಟಕ್ಕೆ ಇಷ್ಟು ಪೈಸೆ ಅಂತ ಕೂತಿರುವ ಯಾರೋ ನಮ್ಮ ಸರ್ವೆ ನಂಬರ್, ಸಹಿ, ಖಾತೆ ಸಂಖ್ಯೆ ನೋಡುತ್ತಾರೆ. ಆಟೊಮ್ಯಾಟಿಕ್ ಅಂತ ಹೇಳಿದಿರಲ್ಲ, ಕನ್ನಡದ ಕಾಗದಕ್ಕೆ ಅದು ಅರ್ಧ ಸತ್ಯ. ನಮ್ಮ ಕಾಗದಕ್ಕೆ ಇಂಗ್ಲಿಷ್ ಕಾಗದಕ್ಕಿಂತ ಜಾಸ್ತಿ ಕಣ್ಣು ಬೀಳುತ್ತದೆ.

ಇನ್ನು ಕೊಡಗಿನ ಪಹಣಿ. ಮಂಡ್ಯದ ರೈತರ ಪಹಣಿಯಲ್ಲಿ ಒಂದೋ ಎರಡೋ ಹೆಸರು ಇರಬಹುದು. ನಮ್ಮ ಜಮ್ಮಾ ಜಾಗದ, ಅಂದರೆ ತಲೆಮಾರಿನಿಂದ ಕುಟುಂಬಕ್ಕೆ ಬಂದ ಭೂಮಿಯ ಪಹಣಿ ತೆಗೆದು ನೋಡಿ. ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ ಹೆಸರು, ಅದರ ಕೆಳಗೆ ಒಕ್ಕದವರ, ಅಂದರೆ ಇಡೀ ಮನೆತನದವರ ಸಾಲು ಸಾಲು ಹೆಸರು. ಮಾವನ ಪಹಣಿಯಲ್ಲಿ 17 ಹೆಸರಿವೆ. ಅದರಲ್ಲಿ ಇಬ್ಬರು ತೀರಿಹೋಗಿದ್ದಾರೆ, ಒಬ್ಬರು ಸೇನೆಯಲ್ಲಿದ್ದಾರೆ, ಮದುವೆಯಾಗಿ ಬೇರೆ ಊರಿಗೆ ಹೋದವರೂ ಇದ್ದಾರೆ. ಟ್ಯಾಬ್ ಮೇಲೆ ಬೆರಳಿಟ್ಟು "ಒಪ್ಪಿಗೆ" ಒತ್ತಿದ್ದು ಮಾವ ಒಬ್ಬರೇ. ಉಳಿದವರ ಒಪ್ಪಿಗೆ ಯಾರು ಕೇಳಿದರು?

ಪಹಣಿ ಗುಟ್ಟಿನ ಕಾಗದವೇನಲ್ಲ, ಭೂಮಿ ವೆಬ್‌ಸೈಟ್‌ನಲ್ಲಿ ಸರ್ವೆ ನಂಬರ್ ಹಾಕಿದರೆ ಯಾರಿಗೆ ಬೇಕಾದರೂ ಕಾಣುತ್ತದೆ ಅಂತ ನೀವು ಹೇಳಬಹುದು. ನಿಜ, ಒಪ್ಪುತ್ತೇನೆ. ಒಂಟಿ ಪಹಣಿಯ ಬಗ್ಗೆ ನನಗೆ ತಲೆನೋವಿಲ್ಲ. ನೀವು ಕಟ್ಟುತ್ತಿರುವುದು ಕಂತೆ. ಪಹಣಿ, ಆಧಾರ್, ಮೊಬೈಲ್ ನಂಬರ್, ಖಾತೆ ಸಂಖ್ಯೆ, ಸಹಿ, ಜೊತೆಗೆ ತೋಟದ ಜಿಪಿಎಸ್ ಗುರುತು. ಕೊಡಗಿನಲ್ಲಿ ಮನೆಗಳು ಬೀದಿಯಲ್ಲಿ ಸಾಲಾಗಿಲ್ಲ, ಒಂದೊಂದು ತೋಟದ ನಡುವೆ ಒಂದೊಂದು. ಎಷ್ಟೋ ಮನೆಗಳಲ್ಲಿ ವಯಸ್ಸಾದವರು ಇಬ್ಬರೇ. ಯಾರ ತೋಟ ಎಷ್ಟು ಎಕರೆ, ಫಸಲಿನ ದುಡ್ಡು ಯಾವ ಖಾತೆಗೆ ಬರುತ್ತದೆ, ಮನೆ ಎಲ್ಲಿದೆ ಅನ್ನುವ ಪಟ್ಟಿ ತಪ್ಪು ಕೈಗೆ ಸಿಕ್ಕರೆ ಅದು ಬರೀ ಡೇಟಾ ಅಲ್ಲ. ಕಳ್ಳನಿಗೆ ಮನೆ ತೋರಿಸುವ ನಕ್ಷೆ. ನಮ್ಮ ಕಡೆ ಗೋಡೆಯ ಮೇಲಿನ ಕೋವಿಯನ್ನು ಯಾರಿಗೂ ಸುಮ್ನೆ ಎತ್ತಿ ಕೊಡುವುದಿಲ್ಲ. ಈ ಕಂತೆಯನ್ನು ಮಾತ್ರ ಒಂದು ಲೋಟ ಕಾಫಿಯ ಜೊತೆಗೆ ಕೊಟ್ಟು ಕಳಿಸುತ್ತಿದ್ದೇವೆ.

ಹೆದರಿಸಲು ಬರೆದದ್ದಲ್ಲ ಇದು. 2023ರಲ್ಲಿ ನಮ್ಮ ಪಕ್ಕದ ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಏನಾಯಿತು ನೆನಪಿದೆಯಾ? ಆಸ್ತಿ ನೋಂದಣಿ ಮಾಡಿಸಿ ಬಂದವರ ಬ್ಯಾಂಕ್ ಖಾತೆಯಿಂದ ಹಣ ಹೋಗತೊಡಗಿತು. ಒಟಿಪಿ ಇಲ್ಲ, ಫೋನ್ ಕರೆ ಇಲ್ಲ. ನೋಂದಣಿ ಪತ್ರದಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಬಳಸಿ, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ದುಡ್ಡು ಎತ್ತಿದ್ದಾರೆ ಅನ್ನುವ ದೂರುಗಳು ಬಂದವು. ಬೆರಳಚ್ಚು ಬೇರೆಯವರು ಬಳಸದ ಹಾಗೆ ಜನ ಆಧಾರ್‌ನ ಬಯೊಮೆಟ್ರಿಕ್ ಲಾಕ್ ಮಾಡಿಸಲು ಓಡಾಡಿದರು. ಕಾಗದದ ಒಂದು ಪ್ರತಿ ಎಲ್ಲಿಂದಲೋ ಹೊರಗೆ ಬಂದರೆ ಸಾಕು.

ಓಸಿಆರ್‌ನದ್ದೇ ಕಥೆ ಬೇಕಾದರೆ ಅಮೆರಿಕದ್ದು ಇದೆ. 2019ರ ಜನವರಿ. ಮನೆ ಸಾಲದ ಕಾಗದಗಳು, 2 ಕೋಟಿ 40 ಲಕ್ಷಕ್ಕೂ ಹೆಚ್ಚು, ಪಾಸ್‌ವರ್ಡ್ ಇಲ್ಲದ ಒಂದು ಸರ್ವರ್‌ನಲ್ಲಿ ತೆರೆದು ಬಿದ್ದಿದ್ದವು. ಹೆಸರು, ವಿಳಾಸ, ಹುಟ್ಟಿದ ದಿನ, ಖಾತೆ ಸಂಖ್ಯೆ ಎಲ್ಲಾ. ಸಾಲ ಕೊಟ್ಟ ದೊಡ್ಡ ಬ್ಯಾಂಕುಗಳ ಸರ್ವರ್‌ಗೆ ಯಾರೂ ನುಗ್ಗಿರಲಿಲ್ಲ. ಟೆಕ್ಸಾಸ್‌ನ ಅಸೆನ್ಶನ್ ಅನ್ನುವ ಕಂಪನಿ ಹಣಕಾಸು ಸಂಸ್ಥೆಗಳ ಪರವಾಗಿ ಈ ಕಾಗದ ನೋಡಿಕೊಳ್ಳುತ್ತಿತ್ತು. ಅದು ಕಾಗದದಿಂದ ಅಕ್ಷರ ತೆಗೆಯುವ ಕೆಲಸವನ್ನು ಇನ್ನೊಂದು ಸಣ್ಣ ಕಂಪನಿಗೆ ಕೊಟ್ಟಿತ್ತು. ಬಾಗಿಲು ಹಾಕಲು ಮರೆತದ್ದು ಆ ಸಣ್ಣ ಕಂಪನಿ. ಸಾಲ ತೆಗೆದುಕೊಂಡವರಲ್ಲಿ ಎಷ್ಟು ಜನ ಅದರ ಹೆಸರು ಕೇಳಿರಬಹುದು ಹೇಳಿ? ಮಾವ ಕೂಡ ನಿಮ್ಮ ಓಸಿಆರ್ ಕಂಪನಿಯ ಹೆಸರು ಕೇಳಿಲ್ಲ. ನಿಮ್ಮ ಹುಡುಗನೇ ಕೇಳಿಲ್ಲ.

ಕಾನೂನಿನ ಮಾತಿಗೆ ಬರುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು ಸಮಯ ಕೊಟ್ಟಿದ್ದಾರೆ. ಆ ಕಾಯ್ದೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು 8ನೇ ಸೆಕ್ಷನ್. ಜನರಿಂದ ಮಾಹಿತಿ ಪಡೆದವರು ಆ ಕೆಲಸವನ್ನು ಬೇರೆ ಯಾರ ಕೈಯಲ್ಲಿ ಮಾಡಿಸಿದರೂ ಹೊಣೆ ಪಡೆದವರದ್ದೇ. ಅಂದರೆ ನಿಮ್ಮದು. ಹೊರಗಿನವರಿಗೆ ಕೊಡಬೇಕಾದರೆ ಸರಿಯಾದ ಕರಾರು ಇರಲೇಬೇಕು. ಭದ್ರತೆಯಲ್ಲಿ ಎಡವಿದರೆ ದಂಡ 250 ಕೋಟಿ ರೂಪಾಯಿವರೆಗೆ. "ಅದು ನಮ್ಮ ವೆಂಡರ್ ತಪ್ಪು" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಒಪ್ಪಿಗೆ ಕೇಳುವಾಗ ಕೊಡುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಜನರಿಗೆ ಇರಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. (ಕೊಡವರ ಭಾಷೆಯಾದ ಕೊಡವ ತಕ್ಕ್ ಇಲ್ಲ. ಅದು ಬೇರೆಯೇ ಜಗಳ, ಇವತ್ತು ಬೇಡ.) ನಿಮ್ಮ ಟ್ಯಾಬ್‌ನಲ್ಲಿ ಮಾವನಿಗೆ ತೋರಿಸಿದ ಪುಟ ಇಂಗ್ಲಿಷ್‌ನಲ್ಲಿತ್ತು, ಅಕ್ಷರ ಇರುವೆ ಗಾತ್ರದ್ದು.

ಆದರೆ ಕಾಯ್ದೆಯಲ್ಲೇ ಒಂದು ಕಿಂಡಿಯೂ ಇದೆ. 17ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಬೇಕೆಂದರೆ ಕೆಲವರಿಗೆ, ಸ್ಟಾರ್ಟಪ್‌ಗಳಿಗೂ ಸೇರಿಸಿ, ಈ ತಿಳಿವಳಿಕೆ ಪತ್ರ ಕೊಡುವುದರಿಂದ, ಕೆಲಸ ಮುಗಿದ ಮೇಲೆ ಮಾಹಿತಿ ಅಳಿಸುವ ಹೊಣೆಯಿಂದ ವಿನಾಯಿತಿ ಕೊಡಬಹುದು. ಸಣ್ಣ ಕಂಪನಿಗೆ ಹೊರೆಯಾಗಬಾರದು ಅನ್ನುವುದು ಇದರ ಉದ್ದೇಶ ಇರಬಹುದು. ನನ್ನ ಅನುಭವದಲ್ಲಿ ಸಣ್ಣ ಕಂಪನಿಯಲ್ಲೇ ಎಡವಟ್ಟು ಜಾಸ್ತಿ. ನಾನು ಆ 300 ಫೈಲ್ ಹಾಕಿದ್ದು ಸಣ್ಣ ಕಂಪನಿಯಲ್ಲೇ. ತಡೆಯಲು ಅಲ್ಲಿ ಯಾರೂ ಇರಲಿಲ್ಲ. ದಯವಿಟ್ಟು ಆ ವಿನಾಯಿತಿ ಸಿಗಲಿ ಅಂತ ಕಾಯಬೇಡಿ.

ಈಗ ಯುರೋಪಿನ ವಿಷಯ. ಕಾಗದ ಕೇಳುವಾಗ ನಿಮ್ಮ ಹುಡುಗರು ಅದನ್ನೇ ಮುಂದಿಡುತ್ತಾರೆ. ಅರಣ್ಯ ನಾಶ ಮಾಡಿ ಬೆಳೆದ ಸರಕು ತಡೆಯುವ ಯುರೋಪ್ ಒಕ್ಕೂಟದ 2023ರ ನಿಯಮದಲ್ಲಿ ಕಾಫಿಯೂ ಸೇರಿದೆ. ಜಾರಿ ದಿನವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದಾರೆ, ಆದರೂ ಬರುವುದು ಬರುತ್ತದೆ. ಅದಕ್ಕೆ ಬೇಕಾದದ್ದು ಬೆಳೆದ ಜಾಗ ಎಲ್ಲಿದೆ ಅನ್ನುವ ಗುರುತು. 4 ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡ ಜಾಗವಾದರೆ ಸುತ್ತಳತೆಯ ಗೆರೆ, ಚಿಕ್ಕದಾದರೆ ಒಂದು ಬಿಂದು ಸಾಕು. 2020ರ ಡಿಸೆಂಬರ್ 31ರ ನಂತರ ಅಲ್ಲಿ ಕಾಡು ಕಡಿದಿಲ್ಲ ಅನ್ನುವುದಕ್ಕೆ ಆಧಾರ ಬೇಕು. ಸ್ಥಳೀಯ ಕಾನೂನಿನಂತೆ ಬೆಳೆದದ್ದು ಅನ್ನುವುದಕ್ಕೆ ದಾಖಲೆ ಬೇಕು, ಅಲ್ಲಿಗೆ ಪಹಣಿ ಬರಬಹುದು. ಮಾರಿದವರ ಹೆಸರು, ವಿಳಾಸವೂ ಬೇಕು. ಆಧಾರ್ ಕಾರ್ಡನ್ನು ಆ ನಿಯಮ ಎಲ್ಲೂ ಕೇಳುವುದಿಲ್ಲ. ಪಾಸ್‌ಬುಕ್ಕನ್ನೂ ಕೇಳುವುದಿಲ್ಲ. ಹಾಗಾದರೆ ನೀವು ಯಾಕೆ ತೆಗೆದುಕೊಂಡಿರಿ? ಮುಂದೆ ಯಾವತ್ತೋ ಸಾಲ ಕೊಡಿಸುವ ವ್ಯಾಪಾರ ಶುರು ಮಾಡಿದರೆ ಇರಲಿ ಅಂತಲಾ? ಇದ್ದರೆ ಇರಲಿ ಅನ್ನುವ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ನಾವೂ ಹಾಗೇ ಮಾಡುತ್ತಿದ್ದೆವು.

ನಿಮ್ಮನ್ನೇ ಬೈದು ಕೂರುವುದು ಸರಿಯಲ್ಲ. ನಾವೂ ಕಡಿಮೆ ಇಲ್ಲ. ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್‌ನಿಂದ ಬರುವ ಕೆಲಸಗಾರರ ಆಧಾರ್ ಫೋಟೊ ನಮ್ಮ ಎಷ್ಟು ಮಂದಿಯ ಮೊಬೈಲ್‌ನಲ್ಲಿ ಬಿದ್ದಿದೆ! ಅವರು ಊರಿಗೆ ಹೋಗಿ ವರ್ಷವಾದರೂ ಅಳಿಸಿರುವುದಿಲ್ಲ. ಹೋಮ್‌ಸ್ಟೇ ನಡೆಸುವವರ ಗ್ಯಾಲರಿ ತೆರೆದರೆ ಹೂವಿನ ಫೋಟೊಗಿಂತ ಅತಿಥಿಗಳ ಐಡಿ ಫೋಟೊ ಜಾಸ್ತಿ. ಮೊನ್ನೆ ಕೂತು ನನ್ನ ಫೋನ್ ನೋಡಿದೆ. 41 ಜನರ ಆಧಾರ್ ಇತ್ತು. ಅಳಿಸಿದೆ. ಅಳಿಸಿದ ಮೇಲೆ ಅವೆಲ್ಲಾ ಕ್ಲೌಡ್ ಬ್ಯಾಕಪ್‌ನಲ್ಲೂ ಇವೆ ಅಂತ ಹೊಳೆಯಿತು. ಅಲ್ಲೂ ಹೋಗಿ ಅಳಿಸಿದೆ.

ಆಧಾರ್ ಜೆರಾಕ್ಸ್ ಸಿಕ್ಕಸಿಕ್ಕವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅಂತ 2022ರ ಮೇನಲ್ಲಿ ಬೆಂಗಳೂರಿನ ಆಧಾರ್ ಪ್ರಾದೇಶಿಕ ಕಚೇರಿಯೇ ಪ್ರಕಟಣೆ ಕೊಟ್ಟಿತ್ತು. ಎರಡೇ ದಿನದಲ್ಲಿ ಅದನ್ನು ವಾಪಸ್ ತೆಗೆದುಕೊಂಡರು, ಜನ ತಪ್ಪು ತಿಳಿಯಬಹುದು ಅಂತ. ನನಗಂತೂ ಮೊದಲು ಹೇಳಿದ್ದೇ ಸರಿ ಅನ್ನಿಸಿತ್ತು. ಮಾಸ್ಕ್ಡ್ ಆಧಾರ್ ಈಗಲೂ ಇದೆ, ಡೌನ್‌ಲೋಡ್ ಮಾಡಿಕೊಳ್ಳಬಹುದು.

ಸ್ಕ್ಯಾನ್ ಮಾಡುವುದೇ ಬೇಡ ಅನ್ನುವವಳಲ್ಲ ನಾನು. 2018ರ ಆಗಸ್ಟ್ ನೋಡಿದವರು ಹಾಗೆ ಹೇಳಲಾರರು. ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಜಾರಿದಾಗ ಮನೆಯ ಜೊತೆಗೆ ಬೀರುವೂ ಹೋಯಿತು, ಬೀರುವಿನೊಳಗಿನ ಪತ್ರಗಳೂ ಹೋದವು. ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಕ್ಕೆ ಬಂದರು. ಆಮೇಲೆ ಪ್ರತಿ ಕಚೇರಿಯಲ್ಲೂ ಕಾಗದ ಎಲ್ಲಿ ಅನ್ನುವ ಪ್ರಶ್ನೆ. ಅವತ್ತು ಮೊಬೈಲ್‌ನಲ್ಲಿ ಒಂದು ಮಸುಕು ಫೋಟೊ ಇದ್ದವರೂ ಪುಣ್ಯವಂತರು. ಕಾಗದದ ಬೆಲೆ ನಮಗೆ ಗೊತ್ತಿರುವುದರಿಂದಲೇ ಇಷ್ಟು ಕೇಳುತ್ತಿದ್ದೇನೆ.

ಏನು ಮಾಡಬೇಕು ಅಂದರೆ, ಮೊದಲನೆಯದಾಗಿ ಬೇಡದ ಕಾಗದ ತೆಗೆದುಕೊಳ್ಳಬೇಡಿ. ತೆಗೆದುಕೊಳ್ಳಲೇಬೇಕಾದ್ದನ್ನು ಹೊರಗಿನ ಕಂಪನಿಗೆ ಕಳಿಸುವ ಮೊದಲು ಆಧಾರ್ ಸಂಖ್ಯೆ, ಸಹಿ ಇರುವ ಭಾಗ ಕಪ್ಪು ಮಾಡಿ. ಇದು ದೊಡ್ಡ ವಿದ್ಯೆಯೇನಲ್ಲ. ಪಹಣಿಯ ನಮೂನೆ ಒಂದೇ ಥರ ಇರುತ್ತದೆ, ಯಾವ ಕಾಲಂ ಬೇಕೋ ಅಷ್ಟನ್ನೇ ಕತ್ತರಿಸಿ ಕಳಿಸಬಹುದು. ಹೊರಗೆ ಕಳಿಸದೆ ಓದಿಸುವ ದಾರಿಯೂ ಇದೆ. ಟೆಸರಾಕ್ಟ್ ಅನ್ನುವ ಓಸಿಆರ್ ತಂತ್ರಾಂಶ ಉಚಿತ, ನಿಮ್ಮ ಕಂಪ್ಯೂಟರ್‌ನಲ್ಲೇ ಕೂತು ಓದುತ್ತದೆ, ಕನ್ನಡವೂ ಅದಕ್ಕೆ ಬರುತ್ತದೆ. ತಪ್ಪು ಮಾಡುತ್ತದೆ, ಹೌದು. ತಪ್ಪನ್ನು ತಿದ್ದಲು ಕುಶಾಲನಗರದಲ್ಲೋ ವಿರಾಜಪೇಟೆಯಲ್ಲೋ ನಾಲ್ಕು ಜನರಿಗೆ ಕೆಲಸ ಕೊಡಿ. ಕನ್ನಡ ಓದಲು ಬರುವ ಎಷ್ಟೋ ಮಕ್ಕಳು ಡಿಗ್ರಿ ಮುಗಿಸಿ ಮನೆಯಲ್ಲಿದ್ದಾರೆ.

ಹೊರಗಿನ ಕಂಪನಿಯೇ ಬೇಕು ಅಂದರೆ ಅದರ ಹೆಸರು ಹೇಳಿ. ಅವರು ಫೈಲ್ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಮನುಷ್ಯರು ನೋಡುತ್ತಾರಾ, ಯಂತ್ರಕ್ಕೆ ಕಲಿಸಲು ಬಳಸುತ್ತಾರಾ, ಅವರೂ ಇನ್ನೊಬ್ಬರಿಗೆ ದಾಟಿಸುತ್ತಾರಾ, ಇಷ್ಟನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಐಎಸ್‌ಒ ಸರ್ಟಿಫಿಕೇಟ್ ಇದೆ ಅಂತ ಗೋಡೆಗೆ ಹಾಕಿದ್ದನ್ನು ನೋಡಿ ಸುಮ್ಮನಾಗಬೇಡಿ. ಅದು ಕಂಪನಿಯ ಯಾವ ಕೆಲಸಕ್ಕೆ, ಯಾವ ಕಚೇರಿಗೆ ಕೊಟ್ಟದ್ದು ಅಂತ ಅದರಲ್ಲೇ ಬರೆದಿರುತ್ತದೆ, ಅದನ್ನು ಓದಿ. ಪರೀಕ್ಷೆ ಮಾಡುವಾಗ ನಿಜ ಕಾಗದ ಬಳಸಬೇಡಿ. ಓಸಿಆರ್ ಸೇವೆಯ ಕೀಯನ್ನು, ಅಂದರೆ ಆ ಸೇವೆಗೆ ಒಳಹೋಗುವ ಗುಟ್ಟಿನ ಸಂಕೇತವನ್ನು, ಕೋಡ್‌ನಲ್ಲಿ ಬರೆದು, ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಸೈಟ್‌ಗೆ ಏರಿಸಬೇಡಿ. ನಗಬೇಡಿ, ನಮ್ಮ ಆಫೀಸಿನಲ್ಲಿ ಅದೂ ಆಗಿತ್ತು.

ಸಂಘ, ಸೊಸೈಟಿಗಳವರಿಗೆ ಒಂದೇ ಮಾತು. ಜನ ಆ ಹುಡುಗರನ್ನು ನಂಬಿದ್ದು ನೀವು ಕರೆತಂದಿರಿ ಅಂತ. ಮಹಾಸಭೆಯಲ್ಲಿ ಚಹಾ ಬಿಸ್ಕತ್ತಿನ ಖರ್ಚನ್ನೂ ಬಿಡದೆ ಪ್ರಶ್ನೆ ಮಾಡುವವರು ನಾವು. ಮುಂದಿನ ಸಲ ಸ್ಟಾರ್ಟಪ್‌ನವರಿಗೆ ಮೈಕ್ ಕೊಡುವ ಮೊದಲು, ಕಾಗದ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಕೊಡಲು ಹೇಳಿ. ಅದನ್ನು ನೋಟಿಸ್ ಬೋರ್ಡಿಗೆ ಹಾಕಿ.

ಮಾವನ ಪರವಾಗಿ ನಾನು ಆ ಕಂಪನಿಗೆ ಒಂದು ಮೇಲ್ ಹಾಕಿದ್ದೆ. ಆಧಾರ್, ಪಾಸ್‌ಬುಕ್, ಸಹಿಯ ಫೋಟೊ ಅಳಿಸಿ, ನಿಮ್ಮ ಓಸಿಆರ್‌ನವರ ಕೈಯಲ್ಲೂ ಅಳಿಸಿ, ಅಳಿಸಿದ್ದೇವೆ ಅಂತ ಬರೆದು ತಿಳಿಸಿ ಅಂತ. ಒಂದು ನಿಮಿಷದೊಳಗೆ ಉತ್ತರ ಬಂತು, ಯಂತ್ರದ್ದು: ನಿಮ್ಮ ಕೋರಿಕೆ ಸ್ವೀಕರಿಸಲಾಗಿದೆ, ಟಿಕೆಟ್ ಸಂಖ್ಯೆ ಇಷ್ಟು. ಅದಾದ ಮೇಲೆ ಏನೂ ಇಲ್ಲ. ಮಾವ ಗೇಟಿನ ಹತ್ತಿರ ಸಿಕ್ಕಾಗಲೆಲ್ಲಾ ಕೇಳುತ್ತಾರೆ, "ನನ್ನ ಕಾಗದ ವಾಪಸ್ ಬಂತಾ ಮಗಳೇ?" ಫೋಟೊ ವಾಪಸ್ ಬರುವ ವಸ್ತುವಲ್ಲ ಅಂತ ಅವರಿಗೆ ಹೇಗೆ ಹೇಳಲಿ? ಇಲ್ಲ ಮಾವ, ಇನ್ನೂ ಬಂದಿಲ್ಲ ಅನ್ನುತ್ತೇನೆ.

ಇಂತಿ,
ಸುಂಟಿಕೊಪ್ಪ ಬಳಿಯ ಒಬ್ಬ ಕಾಫಿ ಬೆಳೆಗಾರ್ತಿ